ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಬರಹ

ಕೆಲವು ಕಾಲದಿಂದ ನಾನು ಸಾಮಾನ್ಯ ಮುಸ್ಲಿಮರು ತಮ್ಮ ಬದುಕಿನ ಬಗ್ಗೆ ತಾವೇ ಬರೆದುಕೊಂಡದ್ದನ್ನು ಹುಡುಕಿ ಹುಡುಕಿ ಓದುತ್ತಿದ್ದೇನೆ. ಸಾಮಾನ್ಯರು ಎಂದರೆ ಧರ್ಮಗುರುಗಳಲ್ಲ, ರಾಜಕೀಯ ಮುಖಂಡರಲ್ಲ, ಸಮುದಾಯದ ಪರವಾಗಿ ಚರ್ಚೆಗಳಲ್ಲಿ ಬಂದು ಕೂರುವವರೂ ಅಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ, ಮಕ್ಕಳ ಓದಿನ ಬಗ್ಗೆ ತಲೆಕೆಡಿಸಿಕೊಳ್ಳುವ, ವಯಸ್ಸಾದ ತಂದೆಯ ಔಷಧಿಯ ಹೊತ್ತು ತಪ್ಪದಂತೆ ನೋಡಿಕೊಳ್ಳುವ, ತಿಂಗಳ ಕೊನೆಯಲ್ಲಿ ಖರ್ಚು ಸರಿದೂಗಿಸಲು ಹೆಣಗುವ ಜನ ಅವರು. ಇಂಥವರು ಬರೆದ ದಿನಚರಿ, ನೆನಪು, ಆತ್ಮಕಥನಗಳು ಸಾವಿರ ವರ್ಷಗಳ ಹಿಂದೆಯೂ ಇದ್ದವು, ಇವತ್ತೂ ಇವೆ. ಅವುಗಳನ್ನು ಓದುತ್ತ ಹೋದಂತೆ ನನಗೆ ಖಚಿತವಾಗಿರುವ ಒಂದು ಸಂಗತಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮುಸ್ಲಿಮರ ಬಗ್ಗೆ ಮುಸ್ಲಿಮೇತರರ ಕೈಗೆ ಸಿಗುವ ಓದು ಬಹುಮಟ್ಟಿಗೆ ಎರಡು ಬಗೆಯದು. ಒಂದು ಸುದ್ದಿ: ಗಲಭೆ, ಯುದ್ಧ, ಚುನಾವಣೆ, ನ್ಯಾಯಾಲಯದ ತೀರ್ಪು. ಇನ್ನೊಂದು ಪರಿಚಯ ಸಾಹಿತ್ಯ: ಇಸ್ಲಾಮಿನ ಐದು ಕಂಬಗಳು ಯಾವುವು, ಹಬ್ಬಗಳು ಯಾವುವು, ತಪ್ಪು ತಿಳಿವಳಿಕೆಗಳು ಯಾವುವು ಎಂಬ ವಿವರಣೆ. ಮೊದಲನೆಯದರಲ್ಲಿ ಮನುಷ್ಯ ಘಟನೆಯ ಒಂದು ಭಾಗವಾಗಿ ಮಾತ್ರ ಕಾಣುತ್ತಾನೆ. ಎರಡನೆಯದು ಎಷ್ಟೇ ಸದುದ್ದೇಶದ್ದಾಗಿದ್ದರೂ ಹೊರಗೆ ನಿಂತವನ ಪ್ರಶ್ನೆಗೆ ಹೇಳುವ ಉತ್ತರ. ಪ್ರಶ್ನೆ ಕೇಳುವವನ ಅನುಮಾನ ಎಲ್ಲೆಲ್ಲಿದೆಯೋ ಅಲ್ಲಲ್ಲೇ ಉತ್ತರವೂ ಸುಳಿಯುತ್ತದೆ. ಒಬ್ಬ ವ್ಯಕ್ತಿ ತನ್ನ ಧರ್ಮದ ಪರವಾಗಿ ಸಾಕ್ಷಿ ನುಡಿಯಬೇಕಾದ ಜಾಗದಿಂದ ಕೆಳಗಿಳಿದು ಬರೆದಾಗ ಮಾತ್ರ ಆ ಧರ್ಮ ಅವನ ದಿನದಲ್ಲಿ ನಿಜವಾಗಿ ಎಷ್ಟು ಜಾಗ ಪಡೆದಿದೆ ಎಂಬುದು ಕಾಣಿಸುತ್ತದೆ. ಕೆಲವೊಮ್ಮೆ ಆ ಜಾಗ ನಾವು ಎಣಿಸಿದ್ದಕ್ಕಿಂತ ಬಹಳ ದೊಡ್ಡದು, ಬಹಳಷ್ಟು ಸಲ ಚಿಕ್ಕದು, ಮತ್ತು ಹೆಚ್ಚಿನ ಸಲ ನಾವು ಹುಡುಕುತ್ತಿದ್ದ ಕಡೆ ಅದು ಇರುವುದೇ ಇಲ್ಲ.

ಇಂದು ಲೋಕದಲ್ಲಿ ಮುಸ್ಲಿಮರ ಸಂಖ್ಯೆ ಸುಮಾರು 200 ಕೋಟಿ, ಅಂದರೆ ನಾಲ್ವರಲ್ಲಿ ಒಬ್ಬರು. ಅತಿ ಹೆಚ್ಚು ಮುಸ್ಲಿಮರಿರುವ ನಾಲ್ಕು ದೇಶಗಳಾದ ಇಂಡೋನೇಷ್ಯಾ, ಪಾಕಿಸ್ತಾನ, ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಒಂದೂ ಅರಬ್ ದೇಶವಲ್ಲ. ಇಷ್ಟು ಜನರ ಪರವಾಗಿ ಯಾರಾದರೊಬ್ಬರು ಮಾತಾಡಬಲ್ಲರು ಎಂಬ ನಂಬಿಕೆ ಹೇಗೆ ಹುಟ್ಟಿತೋ ನನಗೆ ಅರ್ಥವಾಗುವುದಿಲ್ಲ. ಆದರೆ ಒಬ್ಬೊಬ್ಬರೂ ತಮ್ಮ ಪರವಾಗಿ ತಾವು ಮಾತಾಡಬಲ್ಲರು, ಮಾತಾಡಿದ್ದಾರೆ.

ಅವರಲ್ಲಿ ನನ್ನನ್ನು ಅತ್ಯಂತ ಗಾಢವಾಗಿ ಹಿಡಿದು ನಿಲ್ಲಿಸಿದವರು ಸಿರಿಯಾದ ಡಮಾಸ್ಕಸ್ ನಗರದ ಒಬ್ಬ ಕ್ಷೌರಿಕ. ಹೆಸರು ಅಹ್ಮದ್ ಇಬ್ನ್ ಬುದೈರ್. ಆಟೊಮನ್ ಆಳ್ವಿಕೆಯ ಕಾಲದಲ್ಲಿ, 1741ರಿಂದ 1762ರವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ ಅವರು ತಮ್ಮ ಊರಿನ ದಿನದಿನದ ಸಂಗತಿಗಳನ್ನು ಬರೆದಿಟ್ಟರು. ಅವರ ಮನೆತನದವರು ಹಜ್ ಯಾತ್ರಿಕರ ಸರಕು ಸಾಗಿಸುವ ಹಮಾಲಿ ಕೆಲಸದವರು. ಅವರು ಮಾತ್ರ ಕ್ಷೌರದ ಕಸುಬು ಕಲಿತು, ನಗರದ ಒಳಗೆ ವಿದ್ವಾಂಸರೂ ಅಧಿಕಾರಿಗಳೂ ಓಡಾಡುವ ಕಡೆ ಕೆಲಸಕ್ಕೆ ನಿಂತರು. ಚರಿತ್ರೆ ಬರೆಯುವುದು ಉಲೇಮಾಗಳ, ಅಂದರೆ ಧರ್ಮಪಂಡಿತರ, ಮತ್ತು ಆಸ್ಥಾನದವರ ಹಕ್ಕು ಎಂಬಂತಿದ್ದ ಕಾಲದಲ್ಲಿ ಒಬ್ಬ ಕ್ಷೌರಿಕ ಲೇಖನಿ ಹಿಡಿದದ್ದೇ ಸಣ್ಣ ಸಂಗತಿಯಲ್ಲ. ಎಲ್ಲ ಬಗೆಯ ಗಿರಾಕಿಗಳೂ ಬಂದು ಕೂತು, ತಲೆ ಬಾಗಿಸಿ, ಮನಸ್ಸು ಬಿಚ್ಚಿ ಮಾತಾಡುವ ಜಾಗದಲ್ಲಿ ನಿಂತಿದ್ದ ಆ ಮನುಷ್ಯನ ಕಿವಿಗೆ ಬೀಳದ ಸುದ್ದಿ ಊರಿನಲ್ಲಿ ಹೆಚ್ಚೇನೂ ಇರಲಾರದು.

ಅವರು ಬರೆದದ್ದು ಏನು? ಮೊದಲಿನಿಂದ ಕೊನೆಯವರೆಗೆ ರೊಟ್ಟಿಯ ಬೆಲೆ. ಗೋಧಿ ದುಬಾರಿಯಾದದ್ದು, ಮಾಂಸ ದುಬಾರಿಯಾದದ್ದು, ಅಧಿಕಾರದಲ್ಲಿದ್ದವರು ಧಾನ್ಯ ಕೂಡಿಟ್ಟು ಬಡವರನ್ನು ಗೋಳುಹೊಯ್ದುಕೊಂಡದ್ದು. ಅಸದ್ ಪಾಶಾ ಅಲ್-ಅಜ್ಮ್ ಎಂಬ ರಾಜ್ಯಪಾಲ ತನ್ನ ಅರಮನೆ ಕಟ್ಟಿಸುವಾಗ ಊರಿನ ಎಲ್ಲೆಲ್ಲಿಂದಲೋ ಮರ, ಕಲ್ಲು, ಅಮೃತಶಿಲೆ ಕಿತ್ತು ತರಿಸಿದ್ದನ್ನು ಅವರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಆ ಅರಮನೆ ಇಂದಿಗೂ ಡಮಾಸ್ಕಸ್ಸಿನ ಹೆಮ್ಮೆಯ ಕಟ್ಟಡ. ಅದರ ಸೊಬಗನ್ನು ಹೊಗಳುವ ಯಾವ ಪ್ರವಾಸಿ ಕೈಪಿಡಿಗಿಂತಲೂ ಅದು ಮೇಲೇಳುತ್ತಿದ್ದಾಗ ನೆರೆಯವರಿಗೆ ಏನಾಯಿತು ಎಂದು ಹೇಳುವ ಈ ಕ್ಷೌರಿಕನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. 1757ರಲ್ಲಿ ಮೆಕ್ಕಾದಿಂದ ಹಿಂತಿರುಗುತ್ತಿದ್ದ ಯಾತ್ರಿಕರ ತಂಡದ ಮೇಲೆ ಮರುಭೂಮಿಯ ಬುಡಕಟ್ಟಿನವರು ಬಿದ್ದು ದೋಚಿ, ಅಪಾರ ಸಾವುನೋವಾದ ದುರಂತ ಅವರ ಪುಟಗಳಲ್ಲಿದೆ. 1759ರ ಭೂಕಂಪಗಳಿವೆ. ಸತ್ತವರ ಹೆಸರುಗಳಿವೆ, ಅವರಲ್ಲಿ ವಿದ್ವಾಂಸರ ಜೊತೆಗೆ ಕಸುಬುದಾರರೂ ಇದ್ದಾರೆ. ನದಿಯ ದಂಡೆಯ ತೋಟಗಳಿಗೆ ವಿಹಾರಕ್ಕೆ ಹೋದಾಗ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಕೂತು ತಿನ್ನುತ್ತ, ಕಾಫಿ ಕುಡಿಯುತ್ತ, ಗಂಡಸರ ಹಾಗೆಯೇ ತಂಬಾಕು ಸೇದುತ್ತಿದ್ದುದನ್ನು ಕಂಡು ಅವರು ಬೆರಗಾಗಿ ಬರೆಯುತ್ತಾರೆ. ಅವರಿಗೆ ಅದು ಸರಿಕಾಣಲಿಲ್ಲ. ಆದರೆ ಸರಿಕಾಣದ್ದನ್ನೂ ಬರೆದಿಟ್ಟದ್ದರಿಂದ, 18ನೆಯ ಶತಮಾನದ ಮುಸ್ಲಿಂ ನಗರವೊಂದರ ಹೆಂಗಸರ ಒಂದು ಸಂಜೆ ನಮಗೆ ಉಳಿಯಿತು.

ಈ ಬರಹದಲ್ಲಿ ಧರ್ಮ ಎಲ್ಲಿದೆ? ಎಲ್ಲ ಕಡೆಯೂ ಇದೆ, ಆದರೆ ವಿಷಯವಾಗಿ ಎಲ್ಲಿಯೂ ಇಲ್ಲ. ಬೆಲೆ ಏರಿದಾಗ ಅವರು ದೇವರಲ್ಲಿ ಮೊರೆಯಿಡುತ್ತಾರೆ, ಹಜ್ ತಂಡ ಹೊರಡುವುದರಿಂದಲೂ ಹಿಂತಿರುಗುವುದರಿಂದಲೂ ವರ್ಷವನ್ನು ಅಳೆಯುತ್ತಾರೆ, ಒಬ್ಬ ಪುಣ್ಯಪುರುಷ ತೀರಿಕೊಂಡರೆ ಅವರ ಆಶೀರ್ವಾದ ಬೇಡುತ್ತಾರೆ, ಅನ್ಯಾಯ ಮಾಡಿದ ಅಧಿಕಾರಿಯನ್ನು ದೇವರೇ ನೋಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಇಸ್ಲಾಂ ಎಂದರೇನು ಎಂದು ಅವರು ಒಂದು ಸಾಲನ್ನೂ ವಿವರಿಸುವುದಿಲ್ಲ, ಏಕೆಂದರೆ ಕೇಳುವವರು ಯಾರೂ ಎದುರಿಗಿರಲಿಲ್ಲ. ಉಸಿರಾಡುವವನು ಗಾಳಿಯ ಬಗ್ಗೆ ಪ್ರಬಂಧ ಬರೆಯುವುದಿಲ್ಲವಲ್ಲ, ಹಾಗೆ.

ಈ ಕಥೆಗೆ ಇನ್ನೊಂದು ಭಾಗವಿದೆ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಇಬ್ನ್ ಬುದೈರ್ ಬರೆದದ್ದು ಬಹಳ ಕಾಲ ಓದುಗರಿಗೆ ಸಿಕ್ಕಿದ್ದು ಮುಹಮ್ಮದ್ ಸಯೀದ್ ಅಲ್-ಕಾಸಿಮಿ ಎಂಬ 19ನೆಯ ಶತಮಾನದ ವಿದ್ವಾಂಸರು ತಿದ್ದಿದ ರೂಪದಲ್ಲಿ. ಕ್ಷೌರಿಕರ ಅರಬ್ಬಿ ಊರಿನ ಆಡುಮಾತು ಬೆರೆತದ್ದು. ವಿದ್ವಾಂಸರು ಅದನ್ನು ಶುದ್ಧಗೊಳಿಸಿದರು, ತಮಗೆ ಅನಗತ್ಯ ಎನಿಸಿದ್ದನ್ನು ತೆಗೆದರು, ಜೋಡಣೆಯನ್ನು ಸರಿಪಡಿಸಿದರು. ಮೂಲದ ಹಸ್ತಪ್ರತಿ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಸಂಶೋಧಕರು ಓದಿದಾಗ, ಸಾಮಾನ್ಯನೊಬ್ಬನ ದನಿ ಎಲ್ಲೆಲ್ಲಿ ಮೆತ್ತಗಾಗಿತ್ತು, ಅವನು ತನ್ನ ಬಗ್ಗೆ, ತನ್ನಂಥವರ ಬಗ್ಗೆ ಹೇಳಿಕೊಂಡದ್ದು ಎಲ್ಲೆಲ್ಲಿ ಮರೆಯಾಗಿತ್ತು ಎಂಬುದು ಬೆಳಕಿಗೆ ಬಂತು. ಅಲ್-ಕಾಸಿಮಿ ಕೆಟ್ಟ ಮನಸ್ಸಿನಿಂದ ಹೀಗೆ ಮಾಡಿದರೆಂದು ನಾನು ಹೇಳಲಾರೆ. ಅವರು ಕೈಹಚ್ಚದೆ ಇದ್ದಿದ್ದರೆ ಆ ಬರಹ ಅಷ್ಟು ಬೇಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೂ ಸಾಮಾನ್ಯರ ಬರಹವನ್ನು ಮರ್ಯಾದಸ್ತವಾಗಿ ಕಾಣಿಸಬೇಕೆಂದು ತಿದ್ದುವ ಕೈಯಿಂದ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಇವತ್ತಿಗೂ ಅದೇ ಒತ್ತಡವಿದೆ. ಮುಸ್ಲಿಮನೊಬ್ಬ ತನ್ನ ಮನೆಯ ಜಗಳ, ತನ್ನ ಸೋಮಾರಿತನ, ತನ್ನ ಮಸೀದಿಯ ಆಡಳಿತದ ಮೇಲಿನ ಸಿಟ್ಟು ಇವುಗಳನ್ನು ಬರೆದರೆ, ಹೊರಗಿನವರು ಇದನ್ನೇ ಹಿಡಿದು ಆಡಿಕೊಳ್ಳುತ್ತಾರೆ ಎಂದು ಒಳಗಿನವರು ಹೆದರುತ್ತಾರೆ. ಆ ಹೆದರಿಕೆಗೆ ಕಾರಣವಿಲ್ಲದೆ ಇಲ್ಲ. ಹಾಗಾಗಿಯೇ ಹೆದರಿಕೆಯನ್ನು ದಾಟಿ ಬಂದ ಬರಹ ನನಗೆ ಅಮೂಲ್ಯವಾಗಿ ಕಾಣುತ್ತದೆ.

ಕ್ಷೌರಿಕರಿಗಿಂತ ಸುಮಾರು 700 ವರ್ಷ ಹಿಂದೆ ಬಾಗ್ದಾದಿನಲ್ಲಿ ಅಬೂ ಅಲಿ ಇಬ್ನ್ ಅಲ್-ಬನ್ನಾ ಎಂಬವರು ದಿನಚರಿ ಬರೆಯುತ್ತಿದ್ದರು. ಉಳಿದಿರುವುದು 1068 ಮತ್ತು 1069ರ ಒಂದು ತುಣುಕು ಮಾತ್ರ, ಅದೂ ಅವರದೇ ಕೈಬರಹದಲ್ಲಿ. ಅವರು ಸುನ್ನಿ ಧರ್ಮಶಾಸ್ತ್ರದ ಹಂಬಲಿ ಪಂಥದ ವಿದ್ವಾಂಸರು, ಆ ಲೆಕ್ಕದಲ್ಲಿ ಸಾಮಾನ್ಯರಲ್ಲ. ಆದರೆ ಪುಟದ ತುಂಬ ಇರುವುದು ಯಾರು ಕಾಯಿಲೆ ಬಿದ್ದರು, ಯಾರು ತೀರಿಕೊಂಡರು, ಯಾರ ನಡುವೆ ಮನಸ್ತಾಪ ಬಂತು, ಯಾರಿಗೆ ಯಾವ ಕನಸು ಬಿತ್ತು ಎಂಬ ಸಂಗತಿಗಳು. ಜನ ತಮ್ಮ ಕನಸುಗಳನ್ನು ತಂದು ಅವರಿಗೆ ಹೇಳುತ್ತಿದ್ದರು, ಅವರು ಅರ್ಥ ಹೇಳುತ್ತಿದ್ದರು. ಇಸ್ಲಾಮಿನ ಇತಿಹಾಸವನ್ನು ಖಲೀಫರ ಪಟ್ಟಿಯಾಗಿ ಓದಿದವರಿಗೆ 11ನೆಯ ಶತಮಾನದ ಬಾಗ್ದಾದಿನ ನಿವಾಸಿಗಳ ಕನಸುಗಳು ಹೀಗೆ ಓದಲು ಸಿಗುತ್ತವೆ ಎನ್ನುವುದೇ ಒಂದು ಸಂತೋಷ.

ಇವರಿಬ್ಬರೂ ತಮ್ಮ ಊರಿನಲ್ಲಿ, ತಮ್ಮವರ ನಡುವೆ, ಯಾರ ಮುಲಾಜೂ ಇಲ್ಲದೆ ಬರೆದವರು. ಆ ಸ್ವಾತಂತ್ರ್ಯ ಒಂದಿಷ್ಟೂ ಇಲ್ಲದೆ ಬರೆದವರೂ ಇದ್ದಾರೆ. ಒಮರ್ ಇಬ್ನ್ ಸಯೀದ್ ಪಶ್ಚಿಮ ಆಫ್ರಿಕಾದ ಫೂಟಾ ತೋರೋ ಪ್ರದೇಶದಲ್ಲಿ, ಇಂದಿನ ಸೆನೆಗಲ್ ಸೀಮೆಯಲ್ಲಿ, 1770ರ ಸುಮಾರಿಗೆ ಹುಟ್ಟಿ, ಅನೇಕ ವರ್ಷ ಕುರಾನ್ ಮತ್ತು ಧರ್ಮಶಾಸ್ತ್ರ ಓದಿದವರು. 1807ರಲ್ಲಿ ಅವರನ್ನು ಸೆರೆಹಿಡಿದು ಹಡಗಿಗೆ ಹಾಕಿ ಅಮೆರಿಕದ ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಲಾಯಿತು. ಒಡೆಯನ ಕ್ರೌರ್ಯ ತಾಳಲಾರದೆ ಓಡಿಹೋಗಿ, ಸಿಕ್ಕಿಬಿದ್ದು ಉತ್ತರ ಕ್ಯಾರೊಲಿನಾದ ಫಾಯೆಟ್‌ವಿಲ್ ಸೆರೆಮನೆ ಸೇರಿ, ಕೊನೆಗೆ ಅಲ್ಲಿನ ಇನ್ನೊಬ್ಬ ಒಡೆಯನ ಸೊತ್ತಾಗಿ ಸಾಯುವವರೆಗೂ ಗುಲಾಮರಾಗಿಯೇ ಉಳಿದರು. 1831ರಲ್ಲಿ ಅವರು ತಮ್ಮ ಬದುಕನ್ನು 15 ಪುಟಗಳಲ್ಲಿ ಅರಬ್ಬಿಯಲ್ಲಿ ಬರೆದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಆ ಹಸ್ತಪ್ರತಿಯನ್ನು ಪಡೆದುಕೊಂಡು, ನಂತರ ಎಲ್ಲರೂ ನೋಡುವಂತೆ ಮಾಡಿದೆ.

ಆ ಬರಹ ಶುರುವಾಗುವುದು ಅವರ ಹುಟ್ಟಿನಿಂದಲ್ಲ, ಕುರಾನಿನ 67ನೆಯ ಅಧ್ಯಾಯವಾದ ಸೂರಾ ಅಲ್-ಮುಲ್ಕ್‌ನಿಂದ. ಎಲ್ಲ ಒಡೆತನವೂ ಯಾರ ಕೈಯಲ್ಲಿದೆಯೋ ಆ ದೇವರ ಸ್ತುತಿಯಿಂದ ಆರಂಭವಾಗುವ ಅಧ್ಯಾಯ ಅದು. ತನ್ನನ್ನು ಕೊಂಡುಕೊಂಡವರ ನಡುವೆ ಕೂತು, ಅವರು ಓದಲಾರದ ಲಿಪಿಯಲ್ಲಿ, ಒಡೆತನದ ಬಗೆಗಿನ ಆ ಮಾತನ್ನು ಮೊದಲು ಬರೆದ ಮನುಷ್ಯನ ಮನಸ್ಸಿನಲ್ಲಿ ಏನಿತ್ತು ಎಂದು ಖಚಿತವಾಗಿ ಹೇಳುವ ಹಕ್ಕು ನಮಗಿಲ್ಲ. ಆದರೆ ಅದನ್ನು ಗಮನಿಸದೆ ಮುಂದೆ ಹೋಗುವುದು ಸಾಧ್ಯವಿಲ್ಲ. ತಮ್ಮ ನುಡಿಯನ್ನೂ ಅರಬ್ಬಿಯನ್ನೂ ಬಹಳಷ್ಟು ಮರೆತಿರುವುದಾಗಿ ಹೇಳಿ ಓದುಗರ ಕ್ಷಮೆ ಕೇಳುವ ಅವರು, ಊರಿನಲ್ಲಿದ್ದಾಗ ಬೆಳಗಾಗುವ ಮುನ್ನ ಮಸೀದಿಗೆ ನಡೆದು ಹೋಗುತ್ತಿದ್ದುದನ್ನು, ಮುಖ, ತಲೆ, ಕೈ, ಕಾಲು ತೊಳೆಯುತ್ತಿದ್ದುದನ್ನು, ಹಗಲಿನ, ಸಂಜೆಯ, ರಾತ್ರಿಯ ನಮಾಜುಗಳನ್ನು ಒಂದೊಂದಾಗಿ ಹೆಸರಿಸಿ ನೆನೆಯುತ್ತಾರೆ. ಅವರು ಕ್ರೈಸ್ತ ಚರ್ಚಿಗೆ ಸೇರಿದ್ದರು, ಒಡೆಯನ ಒಳ್ಳೆಯತನವನ್ನೂ ಅದೇ ಪುಟಗಳಲ್ಲಿ ಹೊಗಳುತ್ತಾರೆ. ಇದರಲ್ಲಿ ಎಷ್ಟು ಮನಸ್ಸಿನ ಮಾತು, ಎಷ್ಟು ಬದುಕುಳಿಯಲು ಹೇಳಬೇಕಾದ ಮಾತು ಎಂದು ಬೇರ್ಪಡಿಸಲು ವಿದ್ವಾಂಸರು ಇಂದಿಗೂ ಪ್ರಯತ್ನಿಸುತ್ತಿದ್ದಾರೆ. ಪ್ರತಿ ಸಾಲಿಗೂ ಯಾರಿಗಾದರೂ ಉತ್ತರ ಕೊಡಬೇಕಾದ ಸ್ಥಿತಿಯಲ್ಲಿ ಬರೆದ ಬರಹ ಎಷ್ಟು ಬಿಗಿಯಾಗಿರುತ್ತದೆ ಎಂಬುದನ್ನು ನೋಡಿದ ಮೇಲೆ, ರೊಟ್ಟಿಯ ಬೆಲೆಗೆ ಮನಸಾರೆ ಶಪಿಸುವ ಕ್ಷೌರಿಕರ ನಿರಾಳತೆಗೆ ಎಷ್ಟು ಬೆಲೆಯಿದೆ ಎಂದು ತಿಳಿಯುತ್ತದೆ.

ಈಜಿಪ್ಟಿನ ತಾಹಾ ಹುಸೇನ್ ಮುಂದೆ ಬಹುದೊಡ್ಡ ಸಾಹಿತಿಯಾದರು, ನಿಜ. ಆದರೆ ಅವರ ‘ಅಲ್-ಅಯ್ಯಾಮ್’ ಆತ್ಮಕಥನದ ಮೊದಲ ಭಾಗದಲ್ಲಿರುವುದು ಮಕ್ಕಳು ತುಂಬಿದ ಹಳ್ಳಿಮನೆಯೊಂದರ ಕುರುಡು ಹುಡುಗ. 1889ರಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಪ್ಪು ಚಿಕಿತ್ಸೆಯಿಂದ ದೃಷ್ಟಿ ಕಳೆದುಕೊಂಡವರು. ಹುಡುಗ ಇಡೀ ಕುರಾನ್ ಕಂಠಪಾಠ ಮಾಡಿ ಮುಗಿಸುತ್ತಾನೆ, ಮನೆಯಲ್ಲಿ ಎಲ್ಲರೂ ಗೌರವದಿಂದ ‘ಶೇಖ್’ ಎಂದು ಕರೆಯತೊಡಗುತ್ತಾರೆ, ಆಮೇಲೆ ಉರು ಹೊಡೆದದ್ದನ್ನು ಮತ್ತೆ ಹೇಳಿಕೊಳ್ಳದೆ ಬಿಟ್ಟು ಎಲ್ಲವೂ ಮರೆತುಹೋಗುತ್ತದೆ. ಒಂದು ದಿನ ತಂದೆ ಸ್ನೇಹಿತರ ಎದುರು ಸೂರಾ ಅಶ್-ಶುಅರಾ ಹೇಳು ಎನ್ನುತ್ತಾರೆ. ಹುಡುಗ ಆ ಅಧ್ಯಾಯದ ಆರಂಭದ ‘ತಾ ಸೀನ್ ಮೀಮ್’ ಎಂಬ ಅಕ್ಷರಗಳನ್ನು ಹೇಳುತ್ತಾನೆ, ಮತ್ತೆ ಅದನ್ನೇ ಹೇಳುತ್ತಾನೆ, ಮುಂದಿನದು ಬಾಯಿಗೆ ಬರುವುದಿಲ್ಲ. ತಂದೆ ಎಳೆ ಹಿಡಿದುಕೊಟ್ಟರೂ ಬರುವುದಿಲ್ಲ. ಅವಮಾನದಿಂದ ಬೆವರುವ ಆ ಹುಡುಗನಲ್ಲಿ, ಮಗ್ಗಿಯೋ ಶ್ಲೋಕವೋ ಪದ್ಯವೋ ಒಪ್ಪಿಸಲು ನಿಂತು ಬಾಯಿಕಟ್ಟಿದ ಯಾವ ಮಗುವನ್ನೂ ಕಾಣಬಹುದು. ಕುರಾನಿನ ಕಂಠಪಾಠದ ಮಹತ್ವವನ್ನು ಬೋಧಿಸುವ ನೂರು ಪುಸ್ತಕಗಳು ಹೇಳದ್ದನ್ನು ಈ ಪ್ರಸಂಗ ಹೇಳುತ್ತದೆ: ಆ ವಿದ್ಯೆಯ ಸುತ್ತ ಎಷ್ಟು ಪ್ರೀತಿ, ಎಷ್ಟು ಹೆಮ್ಮೆ, ಎಷ್ಟು ಭಯ, ಎಷ್ಟು ಮೈಗಳ್ಳತನ ಕೂಡಿಕೊಂಡಿವೆ ಎಂಬುದನ್ನು.

ಇನ್ನು ಇಂದಿನವರ ಬರಹಗಳು. ಇವುಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಸಮಯದ ಜೊತೆಗಿನ ಗುದ್ದಾಟ. ದಿನಕ್ಕೆ ಐದು ನಮಾಜು ಎಂದು ಹೇಳಿಬಿಡುವುದು ಸುಲಭ. ಅವುಗಳಲ್ಲಿ ಮಧ್ಯಾಹ್ನದ ಜುಹರ್ ಮತ್ತು ಇಳಿಹೊತ್ತಿನ ಅಸರ್ ಎರಡೂ ಕೆಲಸದ ಹೊತ್ತಿನಲ್ಲೇ ಬರುತ್ತವೆ. ಉತ್ತರದ ದೇಶಗಳ ಚಳಿಗಾಲದಲ್ಲಿ ಸೂರ್ಯ ಬೇಗ ಮುಳುಗುವುದರಿಂದ ಸೂರ್ಯಾಸ್ತದ ಮಗ್ರಿಬ್ ಕೂಡ ಅದಕ್ಕೆ ಸೇರಿಕೊಳ್ಳುತ್ತದೆ. ನಮಾಜಿಗೆ ಹಿಡಿಯುವುದು ಕೆಲವೇ ನಿಮಿಷ. ಅದಕ್ಕೆ ಮೊದಲು ಅಂಗಾಂಗ ತೊಳೆದುಕೊಳ್ಳುವ ವುಜೂ ದೊಡ್ಡ ಸಮಸ್ಯೆ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗು ಸ್ವಚ್ಛ ಮಾಡಿಕೊಂಡು, ಮುಖ ತೊಳೆದು, ಮೊಣಕೈವರೆಗೆ ನೀರು ಹಾಯಿಸಿ, ಒದ್ದೆ ಕೈಯನ್ನು ತಲೆಯ ಮೇಲಾಡಿಸುವವರೆಗೆ ಯಾರಿಗೂ ಏನೂ ಅನಿಸುವುದಿಲ್ಲ. ಕೊನೆಯಲ್ಲಿ ಕಾಲು ತೊಳೆಯಬೇಕು. ಕಚೇರಿಯ ಶೌಚಾಲಯದಲ್ಲಿ ಸೊಂಟಮಟ್ಟದ ಬೇಸಿನ್ನಿಗೆ ಒಂದು ಕಾಲು ಎತ್ತಿಟ್ಟು, ಇನ್ನೊಂದು ಕಾಲಿನ ಮೇಲೆ ತೂಕ ಹೊತ್ತು, ಪ್ಯಾಂಟು ನೆನೆಯದಂತೆ ಹಿಡಿದುಕೊಂಡು ನಿಂತಿರುವಾಗ ಬಾಗಿಲು ತೆರೆದು ಮೇಲಧಿಕಾರಿ ಒಳಗೆ ಬಂದರೆ ಏನು ಮಾಡುವುದು? ಎಷ್ಟೋ ದೇಶಗಳ ಮುಸ್ಲಿಮರು ತಮಗೊಬ್ಬರಿಗೇ ಈ ಪಾಡು ಎಂಬಂತೆ ಇದನ್ನು ಬರೆದಿದ್ದಾರೆ. ಬೆಳಿಗ್ಗೆ ವುಜೂ ಮಾಡಿ ಕಾಲುಚೀಲ ಹಾಕಿಕೊಂಡರೆ ಆಮೇಲೆ ಅದರ ಮೇಲೆಯೇ ಒದ್ದೆ ಕೈ ಸವರಿದರೆ ಸಾಕು ಎಂಬ ವಿನಾಯಿತಿ ಶಾಸ್ತ್ರದಲ್ಲಿದೆ. ಅದು ಚರ್ಮದ ಕಾಲುಚೀಲಕ್ಕೆ ಮಾತ್ರವೋ, ಈಗಿನ ತೆಳ್ಳಗಿನ ಹತ್ತಿಯದಕ್ಕೂ ಅನ್ವಯವೋ ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಫತ್ವಾಗಳ ಬಗ್ಗೆ ಸುದ್ದಿಯಲ್ಲಿ ಕೇಳಿದವರಿಗೆ, ಶಾಸ್ತ್ರಜ್ಞರ ಮುಂದೆ ಜನ ನಿಜವಾಗಿ ಇಡುವ ಪ್ರಶ್ನೆಗಳಲ್ಲಿ ಬಹುಪಾಲು ಈ ಕಾಲುಚೀಲದಂಥವು ಎಂಬುದು ಇಂಥ ಬರಹಗಳಿಂದಲೇ ತಿಳಿಯಬೇಕು.

ರಂಜಾನ್ ಬಗ್ಗೆ ಬರೆದದ್ದು ಅಪಾರ. ಚಾಂದ್ರಮಾನದ ವರ್ಷ 354 ಅಥವಾ 355 ದಿನಗಳದ್ದಾದ್ದರಿಂದ ಉಪವಾಸದ ತಿಂಗಳು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹಾಗಾಗಿ ಹನ್ನೆರಡನೆಯ ವಯಸ್ಸಿನಲ್ಲಿ ಚಳಿಗಾಲದ ಪುಟ್ಟ ಹಗಲುಗಳಲ್ಲಿ ಮೊದಲ ರೋಜಾ ಹಿಡಿದವರು, ಮತ್ತೆ ಅದೇ ಚಳಿಗಾಲದ ರಂಜಾನ್ ನೋಡುವಾಗ ನಲವತ್ತೈದರ ಹತ್ತಿರದಲ್ಲಿರುತ್ತಾರೆ. ಆ ನಡುವೆ ಬೆಳಗಾಗುವ ಮುನ್ನ ಅಮ್ಮನ ಕೈಯ ಸೆಹರಿ ಊಟ ತಿಂದವರು ತಾವೇ ಮಕ್ಕಳನ್ನು ಎಬ್ಬಿಸುವವರಾಗಿರುತ್ತಾರೆ. ಉಪವಾಸದ ಬಗ್ಗೆ ಧಾರ್ಮಿಕ ಪ್ರವಚನಗಳು ಸಂಯಮವನ್ನು ಹೊಗಳುತ್ತವೆ. ಸ್ವಂತ ಬರಹಗಳು ಅಪರಾಹ್ನದ ತಲೆನೋವನ್ನು, ಕಾಫಿ ಬಿಟ್ಟ ಮೊದಲ ದಿನಗಳ ಸಿಡುಕನ್ನು, ಕೊನೆಯ ಹತ್ತು ರಾತ್ರಿಗಳಲ್ಲಿ ಎಚ್ಚರವಿರಬೇಕೆಂದು ಆಸೆಪಟ್ಟು ನಿದ್ದೆಹೋದದ್ದನ್ನು, ಹಾಗಿದ್ದೂ ತಿಂಗಳು ಮುಗಿಯುವಾಗ ಕಾರಣ ಹೇಳಲಾಗದೆ ಬಂದ ಅಳುವನ್ನು ಬರೆಯುತ್ತವೆ.

ಹೆಂಗಸರು ಬರೆಯತೊಡಗಿದ ಮೇಲೆ ಇದಕ್ಕೆ ಇನ್ನೊಂದು ಪದರ ಸೇರಿತು. ಮುಟ್ಟಿನ ದಿನಗಳಲ್ಲಿ ಮುಸ್ಲಿಂ ಮಹಿಳೆ ಉಪವಾಸ ಮಾಡುವಂತಿಲ್ಲ, ಆ ದಿನಗಳನ್ನು ಆಮೇಲೆ ತುಂಬಿಕೊಡಬೇಕು. ಶಾಸ್ತ್ರದಲ್ಲಿ ಇದು ಸ್ಪಷ್ಟವಾಗಿದೆ. ಆದರೆ ಅಣ್ಣತಮ್ಮಂದಿರಿಗೂ ಅಪ್ಪನಿಗೂ ಗೊತ್ತಾಗಬಾರದೆಂದು ಸೆಹರಿಗೆ ಎದ್ದು ತಿಂದಂತೆ ನಟಿಸಿ, ಮಧ್ಯಾಹ್ನ ಅಡುಗೆಮನೆಯ ಬಾಗಿಲು ಸರಿಸಿಕೊಂಡು ನಿಂತಲ್ಲೇ ಎರಡು ತುತ್ತು ನುಂಗಿ, ಸಂಜೆ ಎಲ್ಲರ ಜೊತೆ ಇಫ್ತಾರಿಗೆ ಕೂತು ಹಸಿದವಳಂತೆ ಖರ್ಜೂರಕ್ಕೆ ಕೈಚಾಚುವ ಹುಡುಗಿಯರ ಅನುಭವವನ್ನು ಶಾಸ್ತ್ರಗ್ರಂಥ ಹೇಳುವುದಿಲ್ಲ. ಒಬ್ಬರು ಬರೆದೊಡನೆ ಎಷ್ಟೋ ಜನ ನಮ್ಮ ಮನೆಯಲ್ಲೂ ಹೀಗೆಯೇ ಎಂದರು. ಮಗಳಿಗೆ ಹೀಗಾಗಬಾರದೆಂದು ಮೇಜಿನ ಮೇಲೆ ಊಟ ಮುಚ್ಚಿಟ್ಟು ಹೋಗುವ ತಂದೆಯರೂ ಇದ್ದಾರೆಂದು ಇನ್ನು ಕೆಲವರು ಬರೆದರು. ಧರ್ಮದ ನಿಯಮಕ್ಕೂ ಮನೆಯ ಸಂಕೋಚಕ್ಕೂ ನಡುವೆ ಇರುವ ಅಂತರವನ್ನು ಇಷ್ಟು ನಿಖರವಾಗಿ ತೋರಿಸುವ ಬೇರೆ ಬರಹ ನಾನು ಓದಿಲ್ಲ.

ಈ ಅಂತರವನ್ನು ಗುರುತಿಸುವುದರಲ್ಲಿ ಬಂಗಾಳದ ರೊಕೇಯಾ ಸಖಾವತ್ ಹುಸೇನ್ ಎಲ್ಲರಿಗಿಂತ ಮುಂದಿದ್ದರು. ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದ ಅವರು, 1931ರಲ್ಲಿ ಪರದೆಯೊಳಗೆ ಬಂದಿಯಾದ ಹೆಂಗಸರ ನಿಜ ಪ್ರಸಂಗಗಳನ್ನು ಚಿಕ್ಕ ಚಿಕ್ಕದಾಗಿ ಬರೆದು ಒಂದುಗೂಡಿಸಿದರು. ರೈಲು ನಿಲ್ದಾಣದಲ್ಲಿ ಬುರ್ಖಾ ಸಿಕ್ಕಿಕೊಂಡು ಹಳಿಯ ಮೇಲೆ ಬಿದ್ದ ಹೆಂಗಸನ್ನು ಎತ್ತಲು ಕೂಲಿಗಳು ಧಾವಿಸಿದಾಗ, ಪರಪುರುಷರು ಮುಟ್ಟಬಾರದೆಂದು ಜೊತೆಗಿದ್ದ ಸೇವಕಿಯೇ ತಡೆದು, ಕೊನೆಗೆ ಆ ಹೆಂಗಸು ರೈಲಿಗೆ ಬಲಿಯಾದ ಪ್ರಸಂಗ ಅದರಲ್ಲಿದೆ. ಇದನ್ನು ಬರೆದವರು ಧರ್ಮ ತೊರೆದವರಲ್ಲ, ನಮಾಜು ಬಿಟ್ಟವರಲ್ಲ. ತನ್ನ ಮನೆಯ ಗೋಡೆ ಬಿರುಕುಬಿಟ್ಟಿದೆ ಎಂದು ಹೇಳುವ ಹಕ್ಕು ಆ ಮನೆಯಲ್ಲಿ ವಾಸಿಸುವವರಿಗೆ ಎಲ್ಲರಿಗಿಂತ ಹೆಚ್ಚು ಇದೆ, ಮತ್ತು ಆ ಮಾತನ್ನು ಪಕ್ಕದವರು ಕದ್ದು ಬಳಸುತ್ತಾರೆಂದು ಅವರು ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ. ಇಂದು ಹಿಜಾಬಿನ ಬಗ್ಗೆ ಬರೆಯುವ ಹೆಂಗಸರ ಸ್ಥಿತಿಯೂ ಇಕ್ಕಟ್ಟಿನದೇ. ಹಾಕಿಕೊಂಡವರೂ ಬಿಟ್ಟವರೂ ಕಾರಣ ಕೊಡಬೇಕು. ಯಾವ ಕಾರಣ ಕೊಟ್ಟರೂ ಅದು ಯಾವುದೋ ಪಾಳೆಯದ ವಾದವಾಗಿಬಿಡುತ್ತದೆ. ನನಗಂತೂ ಅವರು ಹಿಜಾಬಿನ ಬಗ್ಗೆ ಬರೆದದ್ದಕ್ಕಿಂತ, ಅದನ್ನು ಧರಿಸಿದ್ದಾರೋ ಇಲ್ಲವೋ ಎಂದು ನಮಗೆ ಗೊತ್ತೇ ಆಗದ ಹಾಗೆ ತಮ್ಮ ಸಂಶೋಧನೆ, ತಮ್ಮ ಬಸಿರು-ಬಾಣಂತನ, ತಮ್ಮ ಅತ್ತೆಯ ಜೊತೆಗಿನ ಸ್ನೇಹ, ತಮ್ಮ ಕೈತೋಟದ ಬಗ್ಗೆ ಬರೆದ ಪುಟಗಳೇ ಹೆಚ್ಚು ಕಲಿಸಿವೆ.

ಸಾವಿನ ಬಗ್ಗೆ ಬರೆದವರನ್ನು ಓದುವುದು ಬೇರೆಯೇ ಅನುಭವ. ಮೃತದೇಹವನ್ನು ತೊಳೆಯುವ ಕರ್ತವ್ಯ ಸಾಮಾನ್ಯವಾಗಿ ಮನೆಯವರದು, ಹೆಂಗಸರನ್ನು ಹೆಂಗಸರೂ ಗಂಡಸರನ್ನು ಗಂಡಸರೂ ತೊಳೆಯುತ್ತಾರೆ. ತಾಯಿಯ ದೇಹಕ್ಕೆ ನೀರು ಹಾಕಿದ ಮಗಳು, ಬಲಗಡೆಯಿಂದ ಶುರುಮಾಡಬೇಕು, ಬೆಸ ಸಂಖ್ಯೆಯಲ್ಲಿ ತೊಳೆಯಬೇಕು, ಕೊನೆಯ ನೀರಿಗೆ ಕರ್ಪೂರ ಬೆರೆಸಬೇಕು ಎಂಬ ನಿಯಮಗಳನ್ನು ಒಂದೊಂದಾಗಿ ಬರೆಯುತ್ತ ಹೋಗುವಾಗ, ಮೊದಲ ಬಾರಿಗೆ ಆ ನಿಯಮಗಳು ಯಾಕಿವೆ ಎಂದು ನನಗೆ ತಿಳಿಯಿತು. ಏನು ಮಾಡಬೇಕೆಂದು ತೋಚದ ಗಳಿಗೆಯಲ್ಲಿ ಕೈಗಳಿಗೆ ಅವು ಕೆಲಸ ಕೊಡುತ್ತವೆ. ಹೂಳುವುದು ಆದಷ್ಟು ಬೇಗ ಆಗಬೇಕಾದ್ದರಿಂದ ದೂರದೇಶದಲ್ಲಿರುವ ಮಕ್ಕಳು ಹೆಚ್ಚಿನ ಸಲ ಸಮಯಕ್ಕೆ ತಲುಪಲಾರರು. ಸತ್ತವರಿಗಾಗಿ ಮಾಡುವ ಜನಾಜಾ ನಮಾಜಿಗೆ ನಿಲ್ಲಲಾಗದವರ ಬರಹಗಳಲ್ಲಿ ಒಂದು ಬಗೆಯ ಮುಗಿಯದ ಮಾತಿದೆ. ಅವರು ಆ ದಿನವನ್ನು ಮತ್ತೆ ಮತ್ತೆ ಬರೆಯುತ್ತಾರೆ.

ನಂಬಿಕೆಯ ಏರಿಳಿತವನ್ನು ಬರೆದವರೂ ಇದ್ದಾರೆ. ಬೆಳಗಿನ ಫಜ್ರ್ ನಮಾಜು ತಿಂಗಳುಗಟ್ಟಲೆ ತಪ್ಪಿಹೋದದ್ದು, ಪ್ರಾರ್ಥನೆಗೆ ಕೂತಾಗ ಮನಸ್ಸು ಖಾಲಿಯಾಗಿರುವುದು, ಹಾಗಿದ್ದೂ ಚಾಪೆ ಮಡಚಿ ಎತ್ತಿಡಲು ಮನಸ್ಸು ಬಾರದಿರುವುದು. ಹೊಸದಾಗಿ ಇಸ್ಲಾಂ ಸ್ವೀಕರಿಸಿದವರು ಮೊದಲ ಈದ್ ದಿನ ಮಸೀದಿಯಲ್ಲಿ ಎಲ್ಲರನ್ನೂ ಅಪ್ಪಿಕೊಂಡು, ಆಮೇಲೆ ಎಲ್ಲರೂ ತಂತಮ್ಮ ಮನೆಗೆ ಹೊರಟುಹೋದ ಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತದ್ದನ್ನು ಬರೆಯುತ್ತಾರೆ. ಧರ್ಮ ಸ್ವೀಕರಿಸಿದ ಕ್ಷಣದ ಉತ್ಸಾಹವನ್ನು ಪ್ರಚಾರ ಸಾಹಿತ್ಯ ಎಷ್ಟು ಬೇಕಾದರೂ ಮುದ್ರಿಸುತ್ತದೆ. ಆ ಮಧ್ಯಾಹ್ನದ ಒಂಟಿತನಕ್ಕೆ ಅಲ್ಲಿ ಜಾಗವಿಲ್ಲ.

ಇವನ್ನೆಲ್ಲ ಹೇಗೆ ಓದಬೇಕು ಎಂಬ ಬಗ್ಗೆ ನನ್ನದೇ ಒಂದು ಕಟ್ಟುಪಾಡು ಬೆಳೆದಿದೆ. ಇಸ್ಲಾಂ ಒಳ್ಳೆಯದೆಂದು ತೋರಿಸಲೋ ಕೆಟ್ಟದ್ದೆಂದು ತೋರಿಸಲೋ ಈ ಪುಟಗಳನ್ನು ಉಲ್ಲೇಖಿಸುವುದಿಲ್ಲ. ಕ್ಷೌರಿಕರು ಬೆಲೆಯೇರಿಕೆಗೆ ಬೈದದ್ದು ಬೆಲೆಯೇರಿಕೆಯ ಬಗ್ಗೆ, ಅಷ್ಟೇ. ಮುಸ್ಲಿಂ ಸ್ನೇಹಿತರ ಮುಂದೆ ಒಂದು ಬರಹವನ್ನು ಹಿಡಿದು ನಿಮ್ಮಲ್ಲಿ ಹೀಗಂತೆ ಹೌದೇ ಎಂದು ಕೇಳುವುದನ್ನೂ ಬಿಟ್ಟಿದ್ದೇನೆ, ಏಕೆಂದರೆ ಹಾಗೆ ಕೇಳಿದೊಡನೆ ಸ್ನೇಹಿತರು ಮರೆಯಾಗಿ ಪ್ರತಿನಿಧಿಯೊಬ್ಬರು ಉತ್ತರಿಸಲು ಬಂದು ನಿಲ್ಲುತ್ತಾರೆ. ಇನ್ನೊಂದು ಎಚ್ಚರವೂ ಬೇಕು. ಇಂದು ಬರೆಯುತ್ತಿರುವವರಲ್ಲಿ ಹೆಚ್ಚಿನವರು ಓದುಬರಹ ಕಲಿತವರು, ಒಂದಿಷ್ಟು ಬಿಡುವಿರುವವರು, ಬಹಳಷ್ಟು ಜನ ಇಂಗ್ಲಿಷ್ ಬಲ್ಲವರು. ಕೊಲ್ಲಿ ದೇಶಗಳ ಕಟ್ಟಡ ಕೆಲಸಕ್ಕೆ ಹೋದ ಕೂಲಿಯವರು, ಮನೆಗೆಲಸದ ಹೆಂಗಸರು, ಮೀನುಗಾರರು ಈ ಓದಿನಲ್ಲಿ ಸಿಗುವುದು ಅಪರೂಪ. ಅವರ ಬದುಕು ಫೋನಿನ ಧ್ವನಿಸಂದೇಶಗಳಲ್ಲಿ ಹುಟ್ಟಿ ಅಲ್ಲೇ ಅಳಿಸಿಹೋಗುತ್ತದೆ. 18ನೆಯ ಶತಮಾನದಲ್ಲಿ ಹಮಾಲಿಗಳ ಮನೆಯ ಮಗನೊಬ್ಬ ಬರೆದದ್ದು ಉಳಿದಿದೆ, ಆದರೆ ಅವನ ಹಾಗೆಯೇ ದುಡಿದು ತಿನ್ನುವ ಇಂದಿನ ಜನರದ್ದು ಅಷ್ಟು ಸುಲಭವಾಗಿ ಸಿಗುತ್ತಿಲ್ಲ ಎಂಬುದು ನನ್ನನ್ನು ಕಾಡುವ ಕೊರತೆ. ಈಗ ನಾನು ಹುಡುಕುತ್ತಿರುವುದು ಅಂಥವರ ಪತ್ರಗಳನ್ನು. ಫೋನು ಅಗ್ಗವಾಗುವ ಮೊದಲು ದೂರದೇಶಕ್ಕೆ ದುಡಿಯಲು ಹೋದವರು ಮನೆಗೆ ಬರೆದ, ಹಣ ತಲುಪಿತೇ, ತಂಗಿಯ ಮದುವೆ ಗೊತ್ತಾಯಿತೇ, ಈ ವರ್ಷ ಈದ್‌ಗೆ ರಜೆ ಸಿಗುವುದಿಲ್ಲ ಎಂಬ ಸಾಲುಗಳಿರುವ ಪತ್ರಗಳನ್ನು. ಸಾಕಷ್ಟು ಮನೆಗಳಲ್ಲಿ ಅವು ಇನ್ನೂ ಇರಬೇಕು.